ಮೂರರಿಂದ ನಾಲ್ಕು

ಶೃಂಗೇರಿ
14 ಡಿಸೆಂಬರ್ 2022

ಪ್ರೀತಿಯ ಸರೋಜ,

ನಿನ್ನೆ ಸೀತೂರಿನಿಂದ ಹೊರಟವಳು ಕೊಪ್ಪದಲ್ಲಿ ಬಸ್ಸು ಬದಲಾಯಿಸಿ ಸಂಜೆ ಹೊತ್ತಿಗೆ ಲಾಡ್ಜಿಗೆ ಬಂದು ಮುಟ್ಟಿದೆ. ಅಡಿಗೆಮನೆಯಲ್ಲಿ ನಾಲ್ಕು ದಿನದ ಕೆಲಸ ನನ್ನನ್ನೇ ಕಾಯುತ್ತಿತ್ತು. ಇವತ್ತು ಮಧ್ಯಾಹ್ನದ ಪಾತ್ರೆ ತೊಳೆದಾದ ಮೇಲೆ ಬರೆಯಲು ಕೂತಿದ್ದೇನೆ.

ಫೋನಿರುವಾಗ ಪತ್ರ ಯಾಕೆ ಎಂದು ನಗಬೇಡ. ನಿಮ್ಮ ಮನೆಯಲ್ಲಿರುವುದು ಒಂದೇ ಫೋನು, ಅದು ಸುಂದರೇಶನ ದಿಂಬಿನ ಪಕ್ಕ. ನಾನು ಮಾತಾಡಿದ್ದನ್ನು ಅವನೂ ಕೇಳುತ್ತಾನೆ, ಗೋಡೆಗೆ ಒರಗಿ ಕೂತ ಅಮ್ಮನೂ ಕೇಳುತ್ತಾಳೆ. ನಿನಗೊಬ್ಬಳಿಗೇ ಹೇಳಬೇಕಾದ ಮಾತು ಒಂದಿದೆ.

ಸುಂದರೇಶ ನಿನಗೆ ಗಂಡ, ನನಗೆ ಒಡಹುಟ್ಟಿದ ತಮ್ಮ. ಅಡಿಕೆ ಗೊನೆ ಕೊಯ್ಯಲು ಹತ್ತಿದ ಮರದಿಂದ ಬಿದ್ದು ಸೊಂಟ ಮುರಿದುಕೊಂಡವನನ್ನು ನೋಡಲೆಂದೇ ನಾನು ಬಂದದ್ದು. ಆದರೆ ನಾಲ್ಕು ದಿನವೂ ನಾನು ನೋಡಿದ್ದು ನಿನ್ನನ್ನು. ಭಾನುವಾರ ಬೆಳಗ್ಗೆ ನಲ್ಲಿಯ ಮುಂದೆ ನಿಂತಿದ್ದೆಯಲ್ಲ, ಕೊಡ ತುಂಬಿ ನೀರು ನಿನ್ನ ಕಾಲ ಮೇಲೆ ಹರಿಯುತ್ತಿತ್ತು. ನಿನಗೆ ಗೊತ್ತೇ ಆಗಲಿಲ್ಲ. ನಾನು ಬಂದು ನಲ್ಲಿ ತಿರುಗಿಸಿದ ಮೇಲೂ ನೀನು ಆ ಕೊಡವನ್ನೇ ನೋಡುತ್ತ ನಿಂತಿದ್ದೆ. ಆ ನೋಟ ನನಗೆ ಗೊತ್ತು. ಹೇಗೆ ಗೊತ್ತು ಎಂದು ಈಗ ಕೇಳಬೇಡ.

ದಿನಕ್ಕೆ ಒಂದು ಗಂಟೆ ನಿನಗೆ ಅಂತ ಇಟ್ಟುಕೋ. ಮನೆಯೊಳಗಲ್ಲ, ಹೊರಗೆ. ಸೌದೆ ತರಲಿಕ್ಕಲ್ಲ, ಸೊಸೈಟಿಯ ಅಕ್ಕಿಗಲ್ಲ, ಸುಮ್ಮನೆ. ಡಾಕ್ಟರು ಹೇಳಿದ್ದನ್ನು ನೀನೂ ಕೇಳಿದ್ದೀಯ. ಅವನು ಕೋಲು ಹಿಡಿದು ನಡೆಯಲು ಒಂದು ವರ್ಷ ಬೇಕು, ಮರ ಹತ್ತುವುದಂತೂ ಮುಗಿದುಹೋಯಿತು. ಒಂದು ವಾರದ ಕಷ್ಟವನ್ನು ಹಲ್ಲು ಕಚ್ಚಿ ದಾಟಬಹುದು. ವರ್ಷದ ಕಷ್ಟವನ್ನು ಹಾಗೆ ದಾಟಲಿಕ್ಕಾಗುವುದಿಲ್ಲ.

ಯಾರ ಅಪ್ಪಣೆಯನ್ನೂ ಕೇಳಬೇಡ. ಹೋಗಿ ಬರುತ್ತೇನೆ ಎಂದು ಹೇಳು, ಸಾಕು. ಹೇಳುತ್ತಿರುವವಳು ಅವನ ಅಕ್ಕನೇ, ನೆನಪಿರಲಿ.

ನಿನ್ನ ಅತ್ತಿಗೆ
ತುಂಗಮ್ಮ


ಸೀತೂರು
27 ಡಿಸೆಂಬರ್ 2022

ಅತ್ತಿಗೆಯವರಿಗೆ ಸರೋಜ ಮಾಡುವ ನಮಸ್ಕಾರ.

ಪತ್ರ ತಲುಪಿತು. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಿಮ್ಮ ತಮ್ಮನಿಗೆ ನೋವು ಸ್ವಲ್ಪ ಕಡಿಮೆ. ಅತ್ತೆಯ ಕೆಮ್ಮೂ ಕಡಿಮೆ. ದೀಪಶ್ರೀ ಶಾಲೆಗೆ ಹೋಗುತ್ತಿದ್ದಾಳೆ.

ಒಂದು ಗಂಟೆಯ ವಿಷಯ ಬರೆದಿದ್ದೀರಿ. ಬೆಳಗ್ಗೆ ಐದಕ್ಕೆ ಏಳುತ್ತೇನೆ. ಇವರ ಮೈ ಒರೆಸಿ, ಬಟ್ಟೆ ಬದಲಾಯಿಸಿ, ಗಂಜಿ ಕುಡಿಸಿ, ಮಗಳ ಬುತ್ತಿ ಕಟ್ಟಿ, ಎಂಟಕ್ಕೆ ಅಡಿಕೆ ಸುಲಿಯಲು ಹೋಗುತ್ತೇನೆ. ಒಂದಕ್ಕೆ ಓಡಿ ಬಂದು ಇವರನ್ನು ಮಗ್ಗುಲು ಬದಲಿಸಿ ಮಲಗಿಸಿ, ಅತ್ತೆಗೆ ಬಡಿಸಿ, ಬಟ್ಟೆ ಒಗೆದು, ಮತ್ತೆ ಒಲೆಯ ಮುಂದೆ. ಈ ಸಲ ಸುಲಿಯುವ ಮೆಷಿನ್ ಬಂದಿರುವುದರಿಂದ ಆ ಕೆಲಸವೂ ವಾರಕ್ಕೆ ಮೂರೇ ದಿನ. ಉಳಿದ ದಿನ ಕಳೆ ತೆಗೆಯಲು ಯಾರಾದರೂ ಕರೆದರೆ ಹೋಗಬೇಕು.

ಇದರಲ್ಲಿ ಯಾವ ಗಂಟೆಯನ್ನು ಎತ್ತಿಕೊಳ್ಳಲಿ? ನೀವೇ ಹೇಳಿ, ನಿಮ್ಮ ತಮ್ಮನದ್ದೋ, ನಿಮ್ಮ ಅಮ್ಮನದ್ದೋ.

ನಲ್ಲಿಯ ವಿಷಯ ನನಗೆ ನೆನಪಿಲ್ಲ. ನಿದ್ದೆಗಣ್ಣಿನಲ್ಲಿದ್ದೆನೇನೋ.

ಸರೋಜ


ಸೀತೂರು
3 ಮಾರ್ಚ್ 2023

ಅತ್ತಿಗೆ,

ಎರಡು ತಿಂಗಳು ಬರೆಯಲಿಲ್ಲ. ಕಳೆದ ಪತ್ರದಲ್ಲಿ ಒರಟಾಗಿ ಬರೆದಿದ್ದೆ, ಅದಕ್ಕೆ ನಾಚಿಕೆಯಾಗಿತ್ತು. ಈಗ ಅದಕ್ಕಿಂತ ದೊಡ್ಡ ನಾಚಿಕೆಯೊಂದು ಆಗಿದೆ. ನಿಮಗಲ್ಲದೆ ಇನ್ಯಾರಿಗೂ ಹೇಳಲಾರೆ.

ಹೋದ ತಿಂಗಳು ಒಂದು ಶನಿವಾರ ಮಧ್ಯಾಹ್ನ ಇವರಿಗೆ ಗಂಜಿ ಕೊಟ್ಟೆ. "ಉಪ್ಪು ಜಾಸ್ತಿ ಆಗಿದೆ" ಅಂದರು. ಬೈದದ್ದೂ ಅಲ್ಲ, ಮೆಲ್ಲಗೇ ಅಂದರು. ನನ್ನ ಕೈಯಲ್ಲಿದ್ದ ಸ್ಟೀಲ್ ತಟ್ಟೆಯನ್ನು ಬೀಸಿ ಎಸೆದುಬಿಟ್ಟೆ. ಅದು ಬಾಗಿಲ ಚೌಕಟ್ಟಿಗೆ ಬಡಿಯಿತು. ಆ ಹೊತ್ತಿಗೆ ಸರಿಯಾಗಿ ದೀಪಶ್ರೀ ಶಾಲೆಯಿಂದ ಒಳಗೆ ಕಾಲಿಡುತ್ತಿದ್ದಳು. ಅವಳ ಕಿವಿಗೂ ತಟ್ಟೆಗೂ ಒಂದು ಗೇಣು ಅಂತರ ಇತ್ತಷ್ಟೆ.

ಅವಳು ಅಳಲಿಲ್ಲ ಅತ್ತಿಗೆ. ಬ್ಯಾಗು ಕೆಳಗಿಟ್ಟು, ತಟ್ಟೆ ಎತ್ತಿಕೊಂಡು ಹೋಗಿ ತೊಳೆದು, ಗೂಡಿನಲ್ಲಿಟ್ಟು, ಮೂಲೆಯಲ್ಲಿ ಕೂತು ಲೆಕ್ಕ ಮಾಡತೊಡಗಿದಳು. ಹನ್ನೊಂದು ವರ್ಷದ ಹುಡುಗಿ ನನ್ನನ್ನು ನೋಡಿ ಹೆದರಿ ಅಷ್ಟು ಸದ್ದಿಲ್ಲದೆ ತಟ್ಟೆ ತೊಳೆದಳು. ಅವಳು ಜೋರಾಗಿ ಅತ್ತಿದ್ದರೆ ನಾನು ಎಲ್ಲ ಮರೆತು ಇದ್ದ ಹಾಗೇ ಇರುತ್ತಿದ್ದೆನೋ ಏನೋ.

ಮರುದಿನ ಮೂರು ಗಂಟೆಗೆ ಸೆರಗು ಸರಿಮಾಡಿಕೊಂಡು, "ನಾಲ್ಕು ಗಂಟೆಗೆ ಬತ್ತೀನಿ" ಎಂದೆ.

"ಎಲ್ಲಿಗೆ?" ಅಂದರು ಅತ್ತೆ.

"ಹೊರಗೆ."

"ಹೊರಗೆ ಅಂದ್ರೆ ಎಂತ? ಹೊರಗೆ ಅನ್ನೋ ಊರು ಎಲ್ಲಿದೆ?"

ಚಪ್ಪಲಿ ಮೆಟ್ಟಿ ಹೊರಟುಬಿಟ್ಟೆ. ಹೋಗಲು ಜಾಗ ಎಲ್ಲಿದೆ ಎಂದು ನನಗೂ ಗೊತ್ತಿರಲಿಲ್ಲ. ಹಳೇ ರಸ್ತೆಯಲ್ಲಿ ಒಂದು ಬಸ್ ತಂಗುದಾಣವಿದೆಯಲ್ಲ, ಹೊಸ ರಸ್ತೆಯಾದ ಮೇಲೆ ಬಸ್ಸು ಆ ಕಡೆ ಬರುವುದನ್ನೇ ಬಿಟ್ಟಿದೆ, ಅಲ್ಲಿ ಹೋಗಿ ಕೂತೆ. ಎದುರಿಗೆ ಶಾಲೆಯ ಮೈದಾನ, ಬೇರೇನೂ ಇಲ್ಲ.

ಮೊದಲ ದಿನ ಕೂತಲ್ಲೇ ನಿದ್ದೆ ಹೋದೆ. ಎರಡನೇ ದಿನ ಅತ್ತುಬಿಟ್ಟೆ. ಆಮೇಲಿನ ಮೂರು ದಿನ ಮನೆಯಲ್ಲಿ ಏನಾಗಿರಬಹುದು ಎಂಬ ಯೋಚನೆಯಲ್ಲೇ ಗಂಟೆ ಮುಗಿಯಿತು. ಆರನೇ ದಿನ ನನಗೆ ಬೇಜಾರು ಬಂತು! ಬೇಜಾರು ಬರುವಷ್ಟು ಪುರುಸೊತ್ತು ನನಗೆ ಸಿಕ್ಕಿ ಎಷ್ಟು ವರ್ಷವಾಗಿತ್ತೋ. ಒಬ್ಬಳೇ ನಕ್ಕೆ.

ಇವರು ಮೊದಮೊದಲು ಮುಖ ಊದಿಸಿಕೊಂಡಿದ್ದರು. ನಾನಿಲ್ಲದಾಗ ನೀರು ಬೇಕಾದರೆ ಅತ್ತೆಗೆ ಎತ್ತಿ ಕೂರಿಸಲಾಗುವುದಿಲ್ಲವಲ್ಲ, ಮಂಚದ ಕಾಲು ಹಿಡಿದು ತಾವೇ ಏಳಲು ನೋಡಿದರಂತೆ. ಮೊನ್ನೆ ನಾನು ಬರುವಾಗ ಗೋಡೆಗೆ ಒರಗಿ ಕೂತಿದ್ದರು. ಯಾರ ಸಹಾಯವೂ ಇಲ್ಲದೆ. ಬೆವರು ಇಳಿಯುತ್ತಿತ್ತು, ಆದರೆ ಮರ ಹತ್ತಿ ಇಳಿದಾಗ ಇರುತ್ತಿತ್ತಲ್ಲ, ಅದೇ ಮುಖ.

ನಿಮ್ಮ ಮಾತು ಕೇಳಲು ನಾನು ತಡಮಾಡಿದೆ.

ನಿಮ್ಮ
ಸರೋಜ


ಶೃಂಗೇರಿ
10 ಮಾರ್ಚ್ 2023

ಸರೋಜ,

ನಿನ್ನ ಪತ್ರವನ್ನು ಮೂರು ಸಲ ಓದಿದೆ. ತಟ್ಟೆಯ ವಿಷಯ ಮನಸ್ಸಿಗೆ ಹಚ್ಚಿಕೊಂಡು ಕೊರಗಬೇಡ. ದೀಪಶ್ರೀಯನ್ನು ಪಕ್ಕದಲ್ಲಿ ಕೂರಿಸಿಕೊಂಡು "ತಪ್ಪಾಯ್ತು" ಎಂದು ಒಂದು ಮಾತು ಹೇಳು. ಮಕ್ಕಳಿಗೆ ದೊಡ್ಡವರು ಹಾಗೆ ಹೇಳುವುದನ್ನು ಕೇಳುವ ಭಾಗ್ಯ ಅಪರೂಪಕ್ಕೆ ಸಿಗುತ್ತದೆ.

ನೀನು ನಿನ್ನ ಜಾಗ ಹೇಳಿದ್ದರಿಂದ ನಾನು ನನ್ನದನ್ನು ಹೇಳುತ್ತೇನೆ. ಲಾಡ್ಜಿನ ತಾರಸಿಯಲ್ಲಿ ಹಾಸಿಗೆಯ ಬಿಳಿ ಬಟ್ಟೆಗಳನ್ನೆಲ್ಲ ಒಣಗಲು ಹಾಕುತ್ತಾರೆ, ಸಾಲು ಸಾಲು. ಎರಡೂವರೆಗೆ ಮೇಲೆ ಹೋಗಿ ಎರಡು ಸಾಲಿನ ನಡುವೆ ಚಾಪೆ ಹಾಸಿ ಅಂಗಾತ ಮಲಗುತ್ತೇನೆ. ಅಲ್ಲಿ ನನ್ನನ್ನು ಯಾರೂ ಕಾಣುವುದಿಲ್ಲ. ಕೆಳಗೆ ಯಾತ್ರಿಕರ ಗಲಾಟೆ, ಬಸ್ಸಿನ ಹಾರನ್ನು. ಮೇಲೆ ನಾನು ಮತ್ತು ಸೋಪಿನ ವಾಸನೆ. ಮೆಟ್ಟಿಲಲ್ಲಿ ಯಾರಾದರೂ ಎದುರಾದರೆ ಬಟ್ಟೆ ಒಣಗಿದೆಯೋ ನೋಡಲು ಹೊರಟೆ ಎಂದು ಸುಳ್ಳು ಹೇಳುತ್ತೇನೆ.

ಬಿಡಬೇಡ. ಹಬ್ಬ ಬರಲಿ, ನೆಂಟರು ಬರಲಿ, ಮೂರರಿಂದ ನಾಲ್ಕು ನಿನ್ನದು.

ತುಂಗಮ್ಮ


ಸೀತೂರು
24 ಏಪ್ರಿಲ್ 2023

ಅತ್ತಿಗೆ,

ದೀಪಶ್ರೀಗೆ ತಪ್ಪಾಯ್ತು ಎಂದೆ. "ಆಯ್ತು, ಇನ್ನೊಂದ್ಸಲ ಎಸೆಯೋದಾದ್ರೆ ಪ್ಲಾಸ್ಟಿಕ್ ತಟ್ಟೆ ಎಸಿ" ಅಂದಳು! ಆಮೇಲೆ ಮಡಿಲಲ್ಲಿ ಮುಖ ಇಟ್ಟು ಜೋರಾಗಿ ಅತ್ತಳು. ನನಗೆ ಉಸಿರು ಬಂತು.

ಇವರು ಈಗ ಮಂಚದಿಂದ ಬಾಗಿಲವರೆಗೆ ಗೋಡೆ ಹಿಡಿದು ನಡೆಯುತ್ತಾರೆ. ನಾನಿಲ್ಲದ ಹೊತ್ತಿನಲ್ಲೇ ಅಭ್ಯಾಸ ಮಾಡುತ್ತಾರೆ. ನಾನಿದ್ದರೆ ನಾಚಿಕೆಯಂತೆ.

ನಾನೀಗ ತಂಗುದಾಣದಲ್ಲಿ ಕೂರುತ್ತಿಲ್ಲ. ಅದೇ ಗಂಟೆ, ಬೇರೆ ಜಾಗ. ಎಲ್ಲಿ ಎಂದು ಈಗ ಹೇಳುವುದಿಲ್ಲ, ಬೇಸರ ಮಾಡಿಕೊಳ್ಳಬೇಡಿ. ಆಗುತ್ತದೋ ಇಲ್ಲವೋ ನನಗೇ ಗೊತ್ತಿಲ್ಲ. ಆಗದಿದ್ದರೆ ಯಾರೂ ಅಯ್ಯೋ ಪಾಪ ಅನ್ನುವುದು ನನಗೆ ಬೇಡ. ಮನೆಯಲ್ಲೂ ಹೇಳಿಲ್ಲ.

ಆದರೆ ಅತ್ತಿಗೆ, ಮೂರು ಗಂಟೆ ಯಾವಾಗ ಆಗುತ್ತದೆ ಎಂದು ಬೆಳಗಿನಿಂದ ಕಾಯುವ ಹಾಗಾಗಿದೆ!

ಸರೋಜ


ಶೃಂಗೇರಿ
19 ಮೇ 2023

ಸರೋಜ,

ಸುತ್ತಿ ಬಳಸಿ ಬರೆಯುವುದು ನನಗೆ ಬರುವುದಿಲ್ಲ. ನಿನ್ನೆ ಅಮ್ಮ ಪಕ್ಕದ ಮನೆಯವರ ಫೋನಿನಿಂದ ಮಾತಾಡಿದಳು. ಅಳುತ್ತಿದ್ದಳು.

"ದಿನಾ ಮೂರು ಗಂಟೆಗೆ ಹೋಗ್ತಾಳೆ ತುಂಗಾ. ಯಾರೋ ಎನ್.ಆರ್. ಪುರದ ಗಂಡಸಿನ ಪಕ್ಕ ಗಾಡೀಲಿ ಮುಂದೆ ಕೂತು ನಗ್ತಾ ಹೋಗೋದನ್ನ ಮೂರು ಜನ ನೋಡಿದಾರೆ. ಹೇಳಿ ಕಳ್ಸಿದ್ದು ನೀನೇ ಅಂತೆ. ಹೌದನಾ?"

ಸರೋಜ, ನಾನು ಒಂದು ಗಂಟೆ ಎಂದು ಹೇಳಿದ್ದು ಉಸಿರು ಬಿಡಲಿಕ್ಕೆ. ನನ್ನ ತಮ್ಮ ಗೋಡೆ ಹಿಡಿದು ನಡೆಯುತ್ತಿರುವಾಗ ಊರ ಬಾಯಿಗೆ ಬೀಳಲಿಕ್ಕಲ್ಲ. ಏಪ್ರಿಲ್‌ನಲ್ಲಿ ನೀನು ಬರೆದ ಪತ್ರವನ್ನು ಮತ್ತೆ ತೆಗೆದು ಓದಿದೆ. "ಮನೆಯಲ್ಲೂ ಹೇಳಿಲ್ಲ" ಎಂದು ಬರೆದಿದ್ದೀಯ. ಮೂರು ಗಂಟೆಗೆ ಕಾಯುತ್ತೇನೆ ಎಂದು ಬರೆದಿದ್ದೀಯ. ನಾನೇನು ತಿಳಿದುಕೊಳ್ಳಬೇಕು?

ಎಲ್ಲಿಗೆ ಹೋಗುತ್ತೀಯ, ಯಾರ ಜೊತೆ, ಯಾಕೆ, ಕೂಡಲೇ ಬರೆ. ಅಲ್ಲಿಯವರೆಗೆ ಮನೆಯಲ್ಲಿರು.

ತುಂಗಮ್ಮ


ಶೃಂಗೇರಿ
22 ಜೂನ್ 2023

ಸರೋಜ,

ಒಂದು ತಿಂಗಳಾಯಿತು, ನಿನ್ನಿಂದ ಅಕ್ಷರವಿಲ್ಲ. ಫೋನು ಮಾಡಿದರೆ "ಚೆನ್ನಾಗಿದೀವಿ ಅತ್ತಿಗೆ" ಎಂದು ಸುಂದರೇಶನ ಕೈಗೆ ಕೊಡುತ್ತೀಯ. ಅವನನ್ನು ಕೇಳಿದೆ, "ಸರೋಜ ಈಗಲೂ ಮಧ್ಯಾಹ್ನ ಹೋಗ್ತಾಳನಾ?" "ಹೋಗ್ತಾಳೆ ಅಕ್ಕ. ಎಂತ ಈಗ?" ಅಂದ. ಅವನ ದನಿಯಲ್ಲಿ ದುಃಖವಿರಲಿಲ್ಲ. ನನಗೆ ಏನೂ ಅರ್ಥವಾಗುತ್ತಿಲ್ಲ.

ನಾನು ಬರೆದದ್ದು ತಪ್ಪಿದ್ದರೆ ತಪ್ಪು ಎಂದಾದರೂ ಬರೆ, ಮಾರಾಯ್ತಿ.

ತುಂಗಮ್ಮ


ಸೀತೂರು
11 ಆಗಸ್ಟ್ 2023

ಅತ್ತಿಗೆ,

ನಿಮ್ಮ ಎರಡೂ ಪತ್ರ ತಲುಪಿದ್ದವು. ಬೇಕೆಂದೇ ಉತ್ತರ ಬರೆಯಲಿಲ್ಲ.

ಅತ್ತೆ ಹೇಳಿದ್ದಕ್ಕೆ ನನಗೆ ನೋವಾಗಲಿಲ್ಲ. ಅವರು ಕಂಡದ್ದನ್ನು ಹೇಳಿದರು. ನೋವಾದದ್ದು ನಿಮ್ಮ ಮಾತಿನಿಂದ. ಆ ಗಂಟೆಯನ್ನು ನನಗೆ ಕೊಟ್ಟವರು ನೀವು. ಅದರಲ್ಲಿ ಏನು ಮಾಡಿದೆ ಎಂದು ದಿನಾ ಒಪ್ಪಿಸಬೇಕಾದರೆ ಅದೂ ಇನ್ನೊಂದು ಕೂಲಿಯಾಯಿತಲ್ಲ ಅತ್ತಿಗೆ. ಅದಕ್ಕೇ ನೀವು ಕೇಳಿದಾಗ ಹೇಳಲಿಲ್ಲ. ಈಗ ನಾನಾಗಿ ಹೇಳುತ್ತಿದ್ದೇನೆ.

ಮೊನ್ನೆ ಬುಧವಾರ ಕೊಪ್ಪದಲ್ಲಿ ನಡೆದ ಆರ್‌ಟಿಓ ಕ್ಯಾಂಪಿನಲ್ಲಿ ಡ್ರೈವಿಂಗ್ ಪರೀಕ್ಷೆ ಪಾಸಾದೆ.

ತಂಗುದಾಣದಲ್ಲಿ ಕೂತಿರುತ್ತಿದ್ದೆನಲ್ಲ, ಎದುರಿನ ಶಾಲೆಯ ಮೈದಾನದಲ್ಲಿ ಏಪ್ರಿಲ್ ಮೊದಲ ವಾರ ಒಂದು ಗಾಡಿ ಸುತ್ತು ಹಾಕತೊಡಗಿತು. ಒಳಗೆ ನಮ್ಮ ಮಹಿಳಾ ಒಕ್ಕೂಟದ ಸುಮನಾ ಇದ್ದಳು. ಪಂಚಾಯಿತಿಗೆ ಕಸ ಸಂಗ್ರಹಿಸುವ ಗಾಡಿ ಬರುತ್ತದಂತೆ, ಅದನ್ನು ಸಂಘದ ಹೆಂಗಸರೇ ಓಡಿಸಬೇಕಂತೆ, ಅದಕ್ಕೆ ತರಬೇತಿ. ಹೆಸರು ಕೊಟ್ಟಿದ್ದವರು ನಾಲ್ಕು ಜನ. ಎರಡನೇ ದಿನಕ್ಕೇ ಇಬ್ಬರು ಬಿಟ್ಟರು. ಸುಮನಾ ತಂಗುದಾಣಕ್ಕೇ ಬಂದು, "ಸರೋಜಕ್ಕ, ದಿನಾ ಕೂತು ನೋಡ್ತೀಯಲ್ಲ, ಬಂದು ಓಡ್ಸಿ ನೋಡು" ಅಂದಳು. ಎಂಟನೇ ಕ್ಲಾಸು ಓದಿದವಳಿಗೆ ಇದೆಲ್ಲ ಬರುತ್ತದಾ ಎಂದೆ. "ಗಾಡಿ ನಿನ್ನ ಮಾರ್ಕ್ಸ್ ಕಾರ್ಡ್ ಕೇಳಲ್ಲ" ಅಂದಳು.

ನಿಮಗೆ ಸುದ್ದಿ ಬಂದ ಎನ್.ಆರ್. ಪುರದ ಗಂಡಸು ಡ್ರೈವಿಂಗ್ ಶಾಲೆಯ ಜಯಪ್ರಕಾಶ್ ಮೇಷ್ಟ್ರು. ಅರವತ್ತು ದಾಟಿದ್ದಾರೆ. ನಾನು ನಗುತ್ತಿದ್ದದ್ದು ನಿಜ. ಮೂರನೇ ಗೇರಿನ ಬದಲು ಒಂದನೇ ಗೇರು ಹಾಕಿದಾಗ ಗಾಡಿ ಕಪ್ಪೆಯ ಹಾಗೆ ಕುಪ್ಪಳಿಸುತ್ತಿತ್ತು. ನಗದೆ ಏನು ಮಾಡಲಿ?

ಇವರಿಗೆ ಗೊತ್ತಾದದ್ದು ಹೇಗೆ ಎಂದರೆ, ಒಂದು ದಿನ ನಾನು ಸ್ಟೂಲಿನ ಮೇಲೆ ಕೂತು ಬೀನ್ಸ್ ಹೆಚ್ಚುತ್ತಿದ್ದೆ. ಎಡಗಾಲು ತನ್ನಷ್ಟಕ್ಕೆ ನೆಲ ಒತ್ತುವುದು, ಬಿಡುವುದು ಮಾಡುತ್ತಿತ್ತಂತೆ. ಇವರು ಮಂಚದಿಂದ ನೋಡಿ, "ಕ್ಲಚ್ ಬೇಗ ಬಿಡ್ತಿದೀಯ, ಗಾಡಿ ಆಫ್ ಆಗ್ತದೆ" ಅಂದರು.

ಚಾಕು ಕೆಳಗಿಟ್ಟು ಅವರ ಕಡೆ ತಿರುಗಿದೆ.

"ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ. ಆರು ವರ್ಷ ಟ್ರ್ಯಾಕ್ಟರ್ ಓಡ್ಸಿದೀನಿ, ಕಾಲು ನೋಡಿದ್ರೆ ಗೊತ್ತಾಗಲ್ವಾ?"

ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದರು. ಬೇಜಾರಾಯಿತಾ ಎಂದು ಕೇಳಿದೆ. "ಆಯ್ತು. ನಾನು ಬಿದ್ದ ಮೇಲೆ ನೀನು ಏಳ್ತಿದೀಯಲ್ಲ ಅಂತ ಒಂದು ನಿಮಿಷ ಹೊಟ್ಟೆ ಉರೀತು" ಅಂದರು. ನಿಜವನ್ನೇ ಹೇಳಿದರು ಅತ್ತಿಗೆ. "ಈಗ?" ಎಂದೆ. "ಈಗ ಬಾ, ಕಾಲು ಹೆಂಗೆ ಬಿಡ್ಬೇಕು ತೋರಿಸ್ತೀನಿ" ಅಂದರು. ಅವತ್ತಿನಿಂದ ಮಂಚದ ಅಂಚಿಗೆ ಕೂತು, ಸರಿಯಿರುವ ಕಾಲಿನಲ್ಲೇ ನನಗೆ ಕ್ಲಚ್ಚಿನ ಪಾಠ ಹೇಳಿಕೊಟ್ಟರು. ಅತ್ತೆಗೆ ಹೇಳುವುದು ಬೇಡ, ಗಾಡಿ ಕೈಗೆ ಬಂದ ಮೇಲೆ ಹೇಳೋಣ ಎಂದು ಇಬ್ಬರೂ ಮಾತಾಡಿಕೊಂಡೆವು.

ಜುಲೈಯಲ್ಲಿ ಮೊದಲ ಪರೀಕ್ಷೆಯಲ್ಲಿ ಫೇಲಾದೆ. ರಿವರ್ಸ್ ತೆಗೆಯುವಾಗ ಕಂಬಕ್ಕೆ ತಾಗಿಸಿದೆ. ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಕೂತು ಅರ್ಧ ಗಂಟೆ ಅತ್ತುಬಿಟ್ಟೆ. ಅವತ್ತು ನಿಮಗೆ ಪತ್ರ ಬರೆಯಬೇಕು ಅನ್ನಿಸಿತ್ತು. ಆದರೆ ನೀವು "ಮನೆಯಲ್ಲಿರು" ಎಂದು ಬರೆದಿದ್ದಿರಿ.

ನಾನು ಇರಲಿಲ್ಲ. ಮರುದಿನ ಮೂರು ಗಂಟೆಗೆ ಮತ್ತೆ ಮೈದಾನಕ್ಕೆ ಹೋದೆ.

ಸರೋಜ


ಶೃಂಗೇರಿ
20 ಆಗಸ್ಟ್ 2023

ನನ್ನ ಸರೋಜ,

ತಪ್ಪಾಯ್ತು. ದೀಪಶ್ರೀಗೆ ನೀನು ಹೇಳಬೇಕು ಎಂದು ಬುದ್ಧಿ ಹೇಳಿದ್ದೆನಲ್ಲ, ಈಗ ಅದೇ ಮಾತನ್ನು ನಾನು ನಿನಗೆ ಹೇಳುತ್ತಿದ್ದೇನೆ.

ನಿನಗೊಂದು ವಿಷಯ ಹೇಳಬೇಕು. ಒಂಬತ್ತು ವರ್ಷದ ಹಿಂದೆ ನಾನು ಕಾಶಿಗೆ ಹೋಗಿ ನಲವತ್ತು ದಿನ ಇದ್ದೆ ಎಂದು ನಿಮಗೆಲ್ಲ ಗೊತ್ತು. ನಾನು ಕಾಶಿಯನ್ನು ನೋಡಿಲ್ಲ. ಆ ನಲವತ್ತು ದಿನ ಶಿವಮೊಗ್ಗದ ಆಸ್ಪತ್ರೆಯಲ್ಲಿದ್ದೆ. ಮನಸ್ಸಿನ ಕಾಯಿಲೆಯ ವಾರ್ಡಿನಲ್ಲಿ. ಕರೆದುಕೊಂಡು ಹೋದವನು ನಮ್ಮ ಭಾವನ ಮಗ, ಅವನು ಇವತ್ತಿಗೂ ಬಾಯಿ ಬಿಟ್ಟಿಲ್ಲ.

ನಮ್ಮ ಯಜಮಾನರು ತೀರಿಕೊಂಡ ಮೇಲೆ ದೊಡ್ಡ ಸಂಸಾರದ ಅಡಿಗೆಯೆಲ್ಲ ನನ್ನ ತಲೆಯ ಮೇಲೆ ಬಿತ್ತು. ಸಂಜೆ ಸ್ವಲ್ಪ ಹೊತ್ತು ತುಂಗೆಯ ಮೆಟ್ಟಿಲ ಮೇಲೆ ಹೋಗಿ ಕೂರುತ್ತಿದ್ದೆ. ಅಷ್ಟೇ ನನಗಿದ್ದದ್ದು. ಒಂದು ದಿನ ಅತ್ತೆ ಮನೆಯವರು ಕೇಳಿದರು, "ಗಂಡ ಸತ್ತು ವರ್ಷ ಆಗಿಲ್ಲ, ದಿನಾ ಎಲ್ಲಿಗೆ, ಯಾರನ್ನ ನೋಡೋಕೆ?" ನಾನು ಹೋಗುವುದನ್ನು ನಿಲ್ಲಿಸಿಬಿಟ್ಟೆ. ಐದು ತಿಂಗಳ ನಂತರ ಒಂದು ಬೆಳಗ್ಗೆ ಒಲೆಯ ಮುಂದೆ ನಿಂತೆ, ಹಾಲು ಉಕ್ಕಿ ಒಲೆ ಆರಿತು, ನಾನು ನಿಂತೇ ಇದ್ದೆ. ಮಧ್ಯಾಹ್ನದವರೆಗೆ ನಿಂತಿದ್ದೆನಂತೆ. ಯಾರು ಕರೆದರೂ ಮಾತಿಲ್ಲ. ಆಸ್ಪತ್ರೆಯಿಂದ ಬಂದವಳು ಆ ಮನೆಗೆ ಹೋಗದೆ ಈ ಲಾಡ್ಜಿನ ಕೆಲಸಕ್ಕೆ ಸೇರಿಕೊಂಡೆ.

ನಲ್ಲಿಯ ಮುಂದೆ ನಿನ್ನನ್ನು ಕಂಡಾಗ ನಾನು ನನ್ನನ್ನೇ ಕಂಡೆ. ಅದಕ್ಕೇ ಅಷ್ಟು ಹೆದರಿದ್ದು.

ಮೇ ತಿಂಗಳಲ್ಲಿ ನಾನು ನಿನಗೆ ಬರೆದದ್ದು ಯಾರ ಮಾತು ಎಂದು ಈಗ ನೋಡು. ನನ್ನನ್ನು ಮಣ್ಣು ಮಾಡಿದ ಮಾತನ್ನೇ, ಹೆಚ್ಚುಕಮ್ಮಿ ಅದೇ ಪದಗಳಲ್ಲಿ, ನಿನಗೆ ಕಳಿಸಿದೆ. ಆವತ್ತು ನಾನು ಆ ಮಾತಿಗೆ ತಲೆ ಬಗ್ಗಿಸಿದ್ದೆ. ನೀನು ಬಗ್ಗಿಸಲಿಲ್ಲ. ನೀನು ಪತ್ರ ಬರೆಯದೆ ಇದ್ದ ಮೂರು ತಿಂಗಳಿಗೂ ನಾನು ಕೈ ಮುಗಿಯುತ್ತೇನೆ.

ಲೈಸೆನ್ಸಿನ ಫೋಟೋದಲ್ಲಿ ನಗುತ್ತಿದ್ದೀಯಾ?

ತುಂಗಮ್ಮ


ಸೀತೂರು
17 ಅಕ್ಟೋಬರ್ 2023

ಪ್ರೀತಿಯ ಅತ್ತಿಗೆ,

ನಿಮ್ಮ ಪತ್ರವನ್ನು ಯಾರಿಗೂ ತೋರಿಸಿಲ್ಲ. ತಂಗುದಾಣಕ್ಕೆ ತೆಗೆದುಕೊಂಡು ಹೋಗಿ ಓದಿದೆ. ಆ ನಲವತ್ತು ದಿನ ನಿಮ್ಮ ಹತ್ತಿರ ಯಾರೂ ಇರಲಿಲ್ಲವಲ್ಲ ಎಂದು ಬಹಳ ಹೊತ್ತು ಕೂತಿದ್ದೆ. ಇನ್ನು ಮೇಲೆ ನೀವು ಒಬ್ಬರೇ ಹೊರುವುದು ಬೇಡ.

ಫೋಟೋದಲ್ಲಿ ನಗುತ್ತಿಲ್ಲ, ಕಳ್ಳಿಯ ಹಾಗೆ ಕಾಣುತ್ತೇನೆ. ಆದರೆ ಮುಂದಿನದನ್ನು ಕೇಳಿ.

ಗಾಡಿ ಬಂತು. ಹಸಿರು ಬಣ್ಣ, ಹಿಂದೆ ಹಸಿ ಕಸ ಒಣ ಕಸಕ್ಕೆ ಬೇರೆ ಬೇರೆ ಡಬ್ಬ, ಮೇಲೆ ಹಾಡು ಹಾಕುವ ಮೈಕು. ಆದರೆ ಯಾರು ಓಡಿಸಬೇಕು ಎಂಬ ಸಭೆಯಲ್ಲಿ ಮೇಲಿನಕೇರಿಯ ಮೆಂಬರ್ ಕಲ್ಲೇಶಪ್ಪನವರು ಎದ್ದು ನಿಂತರು.

"ಹೆಂಗಸ್ರ ಹೆಸ್ರಲ್ಲೇ ಇರಲಿ, ಬೇಡ ಅನ್ನಲ್ಲ. ಓಡ್ಸೋಕೆ ಒಬ್ಬ ಗಂಡಸ್ನ ಹಾಕನ. ಮೇಲಿನಕೇರಿ ರಸ್ತೆ ನೋಡಿದೀರಲ್ಲ? ತುದೀಲಿ ತಿರುಗ್ಸೋಕೆ ಜಾಗ ಇಲ್ಲ. ರಿವರ್ಸಲ್ಲೇ ಇಳೀಬೇಕು. ಎರಡೂ ಕಡೆ ಚರಂಡಿ. ನಾಳೆ ಗಾಡಿ ಬಿದ್ರೆ ಜವಾಬ್ದಾರಿ ಯಾರ್ದು?"

ಸುಮನಾ ನಿಯಮ ಓದತೊಡಗಿದಳು. ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ. ನನಗೆ ಎಲ್ಲಿಂದ ಧೈರ್ಯ ಬಂತೋ, ಎದ್ದೆ.

"ಈಗ್ಲೇ ಇಳಿಸ್ತೀನಿ. ಬಂದು ನಿಂತು ನೋಡಿ."

ಸಭೆಗೆ ಸಭೆಯೇ ಎದ್ದು ಬಂತು. ಹತ್ತುವಾಗ ಏನೂ ತೊಂದರೆಯಾಗಲಿಲ್ಲ. ತುದಿಯಲ್ಲಿ ನಿಂತು ರಿವರ್ಸ್ ಹಾಕಿ ಕನ್ನಡಿ ನೋಡಿದರೆ ರಸ್ತೆಯ ಎರಡೂ ಬದಿಗೆ ಜನ. ಹಿಂದಿನ ದಿನದ ಮಳೆಗೆ ಕಾಂಕ್ರೀಟು ಜಾರುತ್ತಿತ್ತು. ತಿರುವಿನವರೆಗೆ ಸರಿಯಾಗಿಯೇ ಬಂದೆ. ಅಲ್ಲಿ ಒಂದು ದನ ರಸ್ತೆಯ ಮಧ್ಯಕ್ಕೆ ಬಂದು ನಿಂತುಬಿಟ್ಟಿತು. ಬ್ರೇಕು ಒತ್ತಿದೆ. ಇಂಜಿನ್ ಆಫ್ ಆಯಿತು. ಗಾಡಿ ಒಂದು ಮೊಳ ಜಾರಿತು. ಎಡಗಡೆಯ ಚಕ್ರ ಚರಂಡಿಯ ಅಂಚಿಗೇ ಬಂದಿತ್ತು. ಯಾರೋ ಕೂಗಿದರು, ಇನ್ಯಾರೋ ನಕ್ಕರು. "ಇಳಿ ಸರೋಜ, ನಾನು ತರ್ತೀನಿ" ಎಂದು ಒಬ್ಬರು ಬಾಗಿಲಿಗೇ ಬಂದರು.

ಹ್ಯಾಂಡ್‌ಬ್ರೇಕ್ ಎಳೆದು ಕೈ ಮಡಿಲಲ್ಲಿಟ್ಟು ಕೂತೆ. ತಂಗುದಾಣದಲ್ಲಿ ಕೂತಷ್ಟೇ ಸುಮ್ಮನೆ. ಸುತ್ತ ಎಷ್ಟು ಜನ ಕೂಗುತ್ತಿದ್ದರೂ ನನ್ನೊಳಗೆ ಸುಮ್ಮನಿರುವ ಒಂದು ಜಾಗ ಇದೆ ಎಂದು ನನಗೆ ಆಗ ಗೊತ್ತಾಯಿತು. ಅಷ್ಟು ತಿಂಗಳು ದಿನಾ ಹೋಗಿ ಕೂತು ನಾನೇ ಮಾಡಿಕೊಂಡ ಜಾಗ.

"ದನ ಓಡ್ಸಿ, ಸಾಕು" ಎಂದೆ. ದನ ಹೋಯಿತು. ಸ್ಟಾರ್ಟ್ ಮಾಡಿದೆ. ಇಳಿಜಾರಿನ ವಿರುದ್ಧ ಒಂದು ಗೇಣು ಮುಂದಕ್ಕೆ ತೆಗೆದು ಚಕ್ರವನ್ನು ಅಂಚಿನಿಂದ ಬಿಡಿಸಿಕೊಂಡೆ. ಆಮೇಲೆ ಕ್ಲಚ್ಚು ಇವರು ಹೇಳಿಕೊಟ್ಟ ಹಾಗೆ, ಮೆಲ್ಲ, ಮೆಲ್ಲ. ಕೆಳಗಿನ ಸರ್ಕಲ್ಲಿಗೆ ಬಂದು ನಿಲ್ಲಿಸಿದೆ. ಕಲ್ಲೇಶಪ್ಪನವರೇ ಮೊದಲು ಬಾಯಿಬಿಟ್ಟರು: "ತಂದೇಬಿಟ್ಳಲ್ಲ ಮಾರಾಯಾ!" ಆಮೇಲೆ ಚಪ್ಪಾಳೆ ನೋಡಿ!

ಜನರ ನಡುವೆ ಅತ್ತೆ ನಿಂತಿದ್ದರು. ಯಾರು ಸುದ್ದಿ ಮುಟ್ಟಿಸಿದರೋ, ಚಪ್ಪಲಿ ಕೂಡ ಹಾಕದೆ ಓಡಿ ಬಂದಿದ್ದರು. ಪಕ್ಕದಲ್ಲಿದ್ದ ಹೆಂಗಸಿಗೆ, "ನಮ್ಮ ಸೊಸೆ. ನಮ್ಮನೆ ಸೊಸೆ ಅದು" ಎಂದು ಅವರು ಕೇಳದಿದ್ದರೂ ಎರಡು ಸಲ ಹೇಳಿದರು. ನನ್ನ ಹತ್ತಿರ ಬಂದು ಮಾತ್ರ, "ಮನೇಲಿ ಹೇಳಿ ಕಲೀಬಾರ್ದಿತ್ತನಾ?" ಎಂದು ಗದರಿದರು. ಕಣ್ಣಲ್ಲಿ ನೀರಿತ್ತು.

ಮರುದಿನ ಬೆಳಗ್ಗೆ ಆರಕ್ಕೆ ಕೆಲಸ ಶುರುವಾಯಿತು. ಮೇಲಿನಕೇರಿಯಲ್ಲಿ ಮೊದಲ ಬಕೆಟ್ ಹಿಡಿದು ಗೇಟಿನಲ್ಲಿ ನಿಂತಿದ್ದವರು ಕಲ್ಲೇಶಪ್ಪನವರು. ಹಸಿ ಕಸ ಬೇರೆ, ಒಣ ಕಸ ಬೇರೆ ಮಾಡಿಟ್ಟಿದ್ದರು!

ನಿಮ್ಮ
ಸರೋಜ


ಶೃಂಗೇರಿ
28 ಅಕ್ಟೋಬರ್ 2023

ಸರೋಜ,

ನಿನ್ನ ಪತ್ರದಲ್ಲಿ ಗಾಡಿಯ ಭಾಗವನ್ನಷ್ಟೇ ಅಡಿಗೆಮನೆಯಲ್ಲಿ ಎಲ್ಲರಿಗೂ ಜೋರಾಗಿ ಓದಿ ಹೇಳಿದೆ. ದನ ಬಂದಲ್ಲಿ ಬೇಕೆಂದೇ ಓದುವುದನ್ನು ನಿಲ್ಲಿಸಿದೆ. "ಮುಂದೆ ಎಂತ ಆಯ್ತು ಹೇಳಿ ತುಂಗಕ್ಕ" ಎಂದು ಪಲ್ಯ ಹೆಚ್ಚುವವರು ಈಳಿಗೆ ಬಿಟ್ಟು ಎದ್ದು ಬಂದರು. ನಿನಗೆ ಇಲ್ಲಿ ಹೆಸರಾಗಿದೆ.

ನನ್ನದೂ ಒಂದು ಸುದ್ದಿ ಇದೆ. ತಾರಸಿಯ ಮೇಲೆ ಹೊಸ ರೂಮು ಕಟ್ಟುತ್ತಿದ್ದಾರೆ. ಮೊನ್ನೆ ಮೇಲೆ ಹೋದರೆ ಚಾಪೆ ಹಾಸುತ್ತಿದ್ದ ಜಾಗದಲ್ಲಿ ಮರಳು ಸುರಿದಿತ್ತು. ಮೊದಲಾಗಿದ್ದರೆ ಸುಮ್ಮನೆ ಇಳಿದು ಬರುತ್ತಿದ್ದೆ. ಈ ಸಲ ನೇರ ಮ್ಯಾನೇಜರ್ ಹತ್ತಿರ ಹೋದೆ.

"ಎರಡೂವರೆಯಿಂದ ಮೂರೂವರೆ ನನ್ನನ್ನ ಯಾರೂ ಕರೀಬಾರದು. ಕೂರೋಕೆ ಒಂದು ಜಾಗ ಬೇಕು" ಎಂದೆ.

"ಹುಷಾರಿಲ್ವಾ ತುಂಗಮ್ಮ?"

"ಹುಷಾರಾಗಿ ಇರೋಕೇ ಕೇಳ್ತಿರೋದು."

ಅವರು ಮೇಜಿನ ಡ್ರಾಯರ್ ಎಳೆದು ಹುಡುಕಿದರು. ಆಮೇಲೆ ಕೆಳಗಿನ ಉಗ್ರಾಣದ ಬೀಗದ ಕೈ ಕೊಟ್ಟರು. ಅದಕ್ಕೊಂದು ಕಿಟಕಿ ಇದೆ, ಹೊಳೆಯ ಕಡೆಗೆ. ಒಂಬತ್ತು ವರ್ಷ ಬಟ್ಟೆ ಒಣಗಿದೆಯೋ ನೋಡಲು ಎಂದು ಸುಳ್ಳು ಹೇಳಿಕೊಂಡು ಹೋಗುತ್ತಿದ್ದವಳು ಈಗ ಎಲ್ಲರೆದುರಿಗೆ ಬಾಗಿಲು ಹಾಕಿಕೊಳ್ಳುತ್ತೇನೆ. ಈ ಪತ್ರವನ್ನು ಅಲ್ಲಿ ಕೂತೇ ಬರೆದಿದ್ದು.

ತುಂಗಮ್ಮ


ಸೀತೂರು
21 ಜನವರಿ 2024

ಅತ್ತಿಗೆ,

ಇವರು ನಿನ್ನೆ ಕೋಲು ಹಿಡಿದು ಹಳೇ ರಸ್ತೆಯ ತನಕ ನಡೆದು ಹೋಗಿ ಬಂದರು, ಒಬ್ಬರೇ. ದಾರಿಯಲ್ಲಿ ಎರಡು ಕಡೆ ಕೂತರಂತೆ. ಮರ ಹತ್ತುವುದಿಲ್ಲ ಎಂಬ ಮಾತನ್ನು ಈಗ ಅವರೇ ಹೇಳುತ್ತಾರೆ. ಒಣ ಕಸ ವಿಂಗಡಿಸುವ ಶೆಡ್ಡಿನಲ್ಲಿ ಕೂತು ಮಾಡುವ ಕೆಲಸ ಇದೆ, ಮುಂದಿನ ತಿಂಗಳಿಂದ ಬೆಳಗ್ಗೆ ನನ್ನ ಗಾಡಿಯಲ್ಲೇ ಬರುತ್ತಾರೆ. "ಡ್ರೈವರ್ ಪಕ್ಕದ ಸೀಟು ನಂದು" ಎಂದು ಈಗಲೇ ದೀಪಶ್ರೀಯ ಜೊತೆ ಜಗಳ.

ಪಂಚಾಯಿತಿಯಲ್ಲಿ ಮಧ್ಯಾಹ್ನ ಮೂರಕ್ಕೆ ಇನ್ನೊಂದು ಸುತ್ತು ಹೋಗಲು ಕೇಳಿದರು. ಎರಡಕ್ಕೆ ಹೋಗುತ್ತೇನೆ, ನಾಲ್ಕೂವರೆಗಾದರೂ ಹೋಗುತ್ತೇನೆ, ಮೂರರಿಂದ ನಾಲ್ಕು ಆಗುವುದಿಲ್ಲ ಎಂದೆ. ಯಾಕೆ ಎಂದು ಕೇಳಿದರು. "ಕೆಲಸ ಇದೆ" ಎಂದೆ. ಎರಡು ಗಂಟೆ ಎಂದು ಬರೆದುಕೊಂಡರು.

ಇನ್ನು ಅತ್ತೆಯ ವಿಷಯ. ಸೋಮವಾರ ಮಧ್ಯಾಹ್ನ ಊಟ ಮಾಡಿದವರು ಮಲಗಲಿಲ್ಲ. ಪೆಟ್ಟಿಗೆಯಿಂದ ಒಳ್ಳೆಯ ಸೀರೆ ತೆಗೆದು ಉಟ್ಟರು. ತಲೆ ಬಾಚಿಕೊಂಡು, ಎಲೆ ಅಡಿಕೆ ಸೆರಗಿಗೆ ಕಟ್ಟಿಕೊಂಡು ಅಂಗಳಕ್ಕೆ ಇಳಿದರು. ಎಪ್ಪತ್ತೆರಡು ವರ್ಷ, ಆಸ್ಪತ್ರೆಗೆ ಮದುವೆಗೆ ಬಿಟ್ಟರೆ ಆ ಹೊತ್ತಿನಲ್ಲಿ ಅವರು ಹೊರಗೆ ಹೋದದ್ದನ್ನು ನಾನು ಕಂಡಿಲ್ಲ.

ಶಾಲೆಗೆ ರಜೆಯಿದ್ದ ದೀಪಶ್ರೀ ಕೇಳಿಯೇ ಬಿಟ್ಟಳು, "ಎಲ್ಲಿಗೆ ಅಜ್ಜಿ?"

"ಹೊರಗೆ" ಅಂದರು ಅತ್ತೆ. "ಒಂದು ಗಂಟೇಲಿ ಬತ್ತೀನಿ. ಕಾಫಿ ನೀವೇ ಮಾಡ್ಕೊಳ್ಳಿ."

ಇವತ್ತಿಗೆ ಏಳು ದಿನವಾಯಿತು, ಒಂದು ದಿನವೂ ತಪ್ಪಿಸಿಲ್ಲ. ಎಲ್ಲಿಗೆ ಹೋಗುತ್ತಾರೋ ನನಗೆ ಗೊತ್ತಿಲ್ಲ. ಊರಿನ ಮೂಲೆಮೂಲೆಗೂ ಗಾಡಿ ಓಡಿಸುವವಳು ನಾನು, ಬೇಕೆಂದರೆ ಅರ್ಧ ದಿನದಲ್ಲಿ ಪತ್ತೆ ಮಾಡಬಲ್ಲೆ.

ಮಾಡಿಲ್ಲ. ಅವರು ಹೊರಡುವಾಗ ಗೇಟು ತೆಗೆದು ಹಿಡಿದುಕೊಳ್ಳುತ್ತೇನೆ, ಅಷ್ಟೇ.

ನಿಮ್ಮ
ಸರೋಜ